ನಿಂತ ಬೆವರು

ಅರವತ್ತೆರಡರ ಏಪ್ರಿಲ್. ದಾವಣಗೆರೆಯ ಬಿಸಿಲಿಗೆ ಯಾರ ಮುಲಾಜೂ ಇರಲಿಲ್ಲ. ಮಂಡಕ್ಕಿ ಭಟ್ಟಿಯ ಒಳಗಂತೂ ಕೇಳುವುದೇ ಬೇಡ. ಅಲ್ಲಿ ಅಮೀನಾಬೀ ಅಕ್ಕಿಗೆ ಉಪ್ಪುನೀರು ಹಾಕಿ ಕಲಸುತ್ತಿದ್ದಳು. ಅವಳ ಗಂಡ ಹಯಾತ್ ಸಾಬ್ ಅದನ್ನು ಕಾದ ಮರಳಿನಲ್ಲಿ ಹುರಿಯುತ್ತಿದ್ದ. ಅಲ್ಲಿಯವರೆಗೆ ಚೀಲ ಹೊಲಿದುಕೊಂಡಿದ್ದವನು ಒಲೆಯ ಮುಂದೆ ನಿಂತು ಎಂಟೇ ದಿನವಾಗಿತ್ತು.

ಬೆಳಗಿನಿಂದ ಬೆವರು ಸುರಿಸುತ್ತಿದ್ದ ಅವನ ಬೆನ್ನು ಮಧ್ಯಾಹ್ನ ಒಣಗಿದ್ದನ್ನು ಅಮೀನಾಬೀ ಕಂಡಳು. ಸದ್ಯ, ಮೈ ಭಟ್ಟಿಗೆ ಒಗ್ಗಿತು ಎಂದುಕೊಂಡಳು. ಅವಳಿಗೆ ನಿಜವಾಗಿಯೂ ಸಮಾಧಾನವಾಯಿತು, ಪಾಪ.

ಸ್ವಲ್ಪ ಹೊತ್ತಿಗೆ ಅವನು ಏನೇನೋ ಬಡಬಡಿಸುತ್ತಾ ಕುಸಿದು ಬಿದ್ದ. ಮುಟ್ಟಿದರೆ ಮೈ ಕೆಂಡ.

"ಜ್ವರ ನೆತ್ತಿಗೇರೈತೆ ತಂಗೀ," ಎಂದ ಒಲೆಗೆ ಹೊಟ್ಟು ಹಾಕುವ ಹುಲಿಯಪ್ಪ. "ಬೆವರು ಬಂದ್ರ ಜ್ವರ ಬಿಟ್ಟಂಗೆ. ನೀರು ಮುಟ್ಟಿಸ್ಬ್ಯಾಡ, ಕಂಬಳಿ ಹೊದಿಸು."

ಭಟ್ಟಿಯವರಿಗೆ ಬೆವರೆಂದರೆ ಆರೋಗ್ಯ. ತಾನಾಗಿ ಬಾರದಿದ್ದರೆ ಬರಿಸಬೇಕು. ಒಂದಲ್ಲ, ಎರಡು ಕಂಬಳಿ ಬಿದ್ದವು. ಅಮೀನಾಬೀಯೇ ಅಂಚುಗಳನ್ನು ಸಂದಿಲ್ಲದಂತೆ ಒತ್ತಿದಳು. ಒಳಗೆ ಕೈ ಇಟ್ಟು ಬೆವರಿಗಾಗಿ ಕಾದಳು.

"ಏನ್ರೀ, ಕಣ್ಣು ಬಿಡ್ರೀ."

ಒಂದು ಹನಿಯೂ ಬರಲಿಲ್ಲ.

ಯಾರೋ ಓಡಿಹೋಗಿ ಸುದ್ದಿ ಮುಟ್ಟಿಸಿದ್ದರು. ಡಾಕ್ಟರ್ ರೇವಣ್ಣ ಸೈಕಲ್ಲಿನಲ್ಲಿ ಬಂದವರೇ ಕಂಬಳಿ ಕಿತ್ತೆಸೆದು, ನೀರು ನೀರು ಎಂದು ಕೂಗಿದರು. ಅಮೀನಾಬೀಯ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲೇ ಅಕ್ಕಿಗೆ ಹಾಕುವ ನೀರಿನ ಹಂಡೆ ತುಂಬಿತ್ತು. ಅದನ್ನೇ ಮೊಗೆದು ಮೊಗೆದು ಸುರಿದರು. ಗೋಣಿಚೀಲ ಹಿಡಿದು ಗಾಳಿ ಹಾಕಿದರು. ಹರಿಹರದ ಹೊಳೆದಂಡೆಯಲ್ಲಿ ಬೆಳೆದ ಹೆಂಗಸು ಅಮೀನಾಬೀ. ಇಷ್ಟು ಆಸೆಯಿಂದ ಅವಳು ಎಂದೂ ನೀರು ಮುಟ್ಟಿರಲಿಲ್ಲ.

ಹೊತ್ತಿಳಿಯುವ ಮುಂಚೆ ಹಯಾತ್ ಸಾಬನ ಉಸಿರು ನಿಂತಿತು.

"ನಾವು ಮುಚ್ಚಿದ್ದು ತಪ್ಪಾತೇನ್ರಿ?" ಎಂದು ಅಮೀನಾಬೀ ಕೇಳಿದಳು.

ಡಾಕ್ಟರು ಸುಳ್ಳು ಹೇಳಲಾರದೆ ಒದ್ದಾಡಿದರು. "ನೋಡಮ್ಮಾ, ಮೈ ತನ್ನ ಬಿಸಿ ತಾನೇ ಹದಕ್ಕೆ ಇಟ್ಕಂತೈತೆ. ಅದಕ್ಕಂತನೇ ಬೆವರು. ಅದು ಸೋತ ಮ್ಯಾಲೆ ಹೊರಗಿಂದ ನಾವು ತಣ್ಣಗೆ ಮಾಡ್ಬೇಕಿತ್ತು. ನಿಮಗೆ ಹೆಂಗೆ ಗೊತ್ತಾಗಬೇಕು, ಬಿಡು."

ಹುಲಿಯಪ್ಪ ಕಂಬಳಿಗಳನ್ನು ಎದೆಗವುಚಿಕೊಂಡು ಗೋಡೆಗೆ ಮುಖ ಮಾಡಿ ಅತ್ತ.

ಅಮೀನಾಬೀಗೆ ಅಳು ಬರಲಿಲ್ಲ. ಹಣೆಯಿಂದ, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಸೆರಗಿನಿಂದ ಒರೆಸಿದಳು, ಮತ್ತೆ ಬಂತು. ಅವನಿಗೆ ಬೇಕಾದಾಗ ಬಾರದ್ದು ತನಗೇಕೆ ಎಂದು ರೋಷದಿಂದ ತಿಕ್ಕಿ ತಿಕ್ಕಿ ಒರೆಸಿದಳು. ಅವಳನ್ನು ಕೇಳದೆಯೇ ಅವಳ ಮೈ ಅವಳನ್ನು ಉಳಿಸಿಕೊಳ್ಳುತ್ತಿತ್ತು.

"ಸಾಕು, ನಿಲ್ಲು," ಎಂದಳು. ಬೆವರು ನಿಲ್ಲಲಿಲ್ಲ.