ಬೀಗ ಹಾಕಿದರೆ ಬಿಡುವ ಚಟವಲ್ಲ

ಟೈಲರಮ್ಮನ ಸಿಟ್ಟು ನೆತ್ತಿಗೇರಿತ್ತು. ಗೋಡೆಗಳಿಗೆ ಬಣ್ಣ ಹೊಡೆಯುವ ಅವಳ ಗಂಡ ಕುಡಿದು ಏಣಿಯಿಂದ ಬಿದ್ದು, ಇದ್ದೊಂದು ಕೆಲಸವನ್ನೂ ಕಳೆದುಕೊಂಡು ಬಂದಿದ್ದ. ಆಣೆ ಇಡುವುದು, ಅಳುವುದು, ಮತ್ತೆ ಕುಡಿಯುವುದು. ನಾಯಿ ಬಾಲ ಡೊಂಕೇ. ಅವನನ್ನು ಒಳಕೋಣೆಗೆ ನೂಕಿ ಹೊರಗಿನಿಂದ ಬೀಗ ಜಡಿದಳು. ಹನಿಯೂ ಸಿಗದಿದ್ದರೆ ತಾನಾಗಿಯೇ ಬಿಡುತ್ತಾನೆ ಎಂದುಕೊಂಡಳು.

ಮಾರನೆಯ ದಿನ ಒಳಗಿನಿಂದ ಗೋಗರೆತ ಕೇಳಿಸಿತು. ಕೈ ನಡುಗುತ್ತಿದೆ, ಗೋಡೆ ತುಂಬ ಇರುವೆ ಹರಿಯುತ್ತಿವೆ ಎನ್ನುತ್ತಿದ್ದ. ನಾಟಕ ಎಂದುಕೊಂಡು ಅವಳು ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿದಳು.

ಹೊಲಿದ ಬಟ್ಟೆ ಒಯ್ಯಲು ಬಂದ ಪಕ್ಕದ ಮನೆಯ ನರ್ಸಕ್ಕನ ಕಿವಿಗೆ ಅದು ಬಿತ್ತು. ಮೊದಲು ಬಾಗಿಲು ತೆಗಿ ಎಂದಳು.

"ನರಳಲಿ ಬಿಡಿ ಅಕ್ಕಾ. ನಾನು ನರಳಿಲ್ವಾ? ಮನಸ್ಸು ಮಾಡಿದ್ರೆ ಬಿಡೋಕಾಗಲ್ವಾ ಈ ಮನುಷ್ಯನಿಗೆ?"

"ಮನಸ್ಸು ಮಾಡಿದ್ರೂ ಮೈ ಕೇಳಲ್ಲ ಕಣೇ. ದಿನಾ ಜಾಸ್ತಿ ಕುಡಿಯೋರು ಒಂದೇ ಸಲ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಾನೂ ಹೋಗಬಹುದು. ಸಿಟ್ಟು ಆಮೇಲೆ ಮಾಡ್ಕೋ, ಈಗ ಬೀಗ ತೆಗಿ."

ಬಾಗಿಲು ತೆಗೆದಾಗ ಅವನು ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದ. ನರ್ಸಕ್ಕ ಅವನನ್ನು ಮಗ್ಗುಲಿಗೆ ಹೊರಳಿಸಿ, ಗಾಡಿ ಕರೆಸಿ ಆಸ್ಪತ್ರೆಗೆ ಸೇರಿಸಿದಳು. ಔಷಧಿಯಿಂದ ನಡುಕ ಇಳಿಯಿತು. ಆಮೇಲೆ ಅಲ್ಲಿನ ಆಪ್ತ ಸಮಾಲೋಚಕಿ ಗಂಡ ಹೆಂಡತಿ ಇಬ್ಬರನ್ನೂ ಎದುರು ಬದುರು ಕೂರಿಸಿದಳು. ಟೈಲರಮ್ಮ ಇಷ್ಟು ವರ್ಷ ನುಂಗಿದ್ದನ್ನೆಲ್ಲ ಕಾರಿದಳು. ಅವನು ತಲೆ ತಗ್ಗಿಸಿ ಪೂರ್ತಿ ಕೇಳಿದ.

ಮನೆಗೆ ಬಂದ ಮೇಲೂ ಒಮ್ಮೆ ಜಾರಿ ಮತ್ತೆ ಕುಡಿದ. ಅವಳು ಅವನ ಬಟ್ಟೆಗಳನ್ನು ಹೊಸ್ತಿಲಾಚೆ ಎಸೆದಳು. ಜ್ವರ ಮರುಕಳಿಸಿದರೆ ರೋಗಿಯನ್ನು ಬೀದಿಗೆ ತಳ್ಳುತ್ತಾರೆಯೇ ಎಂದು ಓಡಿ ಬಂದ ನರ್ಸಕ್ಕ ಕೇಳುವಷ್ಟರಲ್ಲಿ ಅವನೇ ಬಾಯಿ ಬಿಟ್ಟ: "ಡಾಕ್ಟರ ಹತ್ರ ಹೋಗೋಣ. ನನ್ನೊಬ್ಬನ ಕೈಲಿ ಆಗಲ್ಲ." ಎಸೆದ ಬಟ್ಟೆಗಳನ್ನು ಅವಳು ಎತ್ತಿಡಲಿಲ್ಲ. ಆದರೆ ಜೊತೆಗೆ ನಡೆದಳು.

ಈಗ ಅವನು ಹೊತ್ತಿಗೆ ಸರಿಯಾಗಿ ಉಣ್ಣುತ್ತಾನೆ, ಕುಡಿತ ಬಿಟ್ಟವರ ಸಭೆಗೆ ತಪ್ಪದೆ ಹೋಗುತ್ತಾನೆ, ಮತ್ತೆ ಏಣಿ ಹತ್ತಿದ್ದಾನೆ. ಮೊನ್ನೆ ಹಳೆಯ ಜೊತೆಗಾರನೊಬ್ಬ ಬಾಟಲಿ ಹಿಡಿದು ಬಂದು, ಒಂದು ಗುಟುಕಿಗೆ ಏನಾಗುತ್ತೆ ಎಂದ. ಟೈಲರಮ್ಮ ಬಟ್ಟೆ ಕತ್ತರಿಸುತ್ತಿದ್ದ ಕತ್ತರಿ ಹಿಡಿದೇ ಎದ್ದು ನಿಂತಳು. ಗಂಡ ಅವಳಿಗಿಂತ ಮೊದಲೇ ಹೇಳಿದ: "ನೋಡಪ್ಪಾ, ಅವಳ ಕೈಲಿ ಕತ್ತರಿ ಇದೆ. ನನ್ನ ಕೈಲಿ ಏನೂ ಇಲ್ಲ, ಇರೋದೂ ಬೇಡ. ಹೊರಡು."

ಅವಳ ಸಿಟ್ಟು ಪೂರ್ತಿ ಇಳಿದಿಲ್ಲ. ಇಳಿಯಲೇಬೇಕೆಂದು ಯಾರೂ ಒತ್ತಾಯಿಸಿಲ್ಲ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಸಿಟ್ಟು ನ್ಯಾಯವೇ. ಆದರೂ ಕುಡಿತ ಒಂದು ಕಾಯಿಲೆ. ಏಕಾಏಕಿ ನಿಲ್ಲಿಸಲು ಹೋಗದೆ ಆಸ್ಪತ್ರೆಗೆ ಕರೆದೊಯ್ಯಿರಿ. ಜಾರಿದರೆ ಮತ್ತೆ ಕರೆದೊಯ್ಯಿರಿ. ಇನ್ನು "ಒಂದೇ ಗುಟುಕು" ಎನ್ನುವ ಗೆಳೆಯರೇ, ಬಿಡಲು ಹೆಣಗುತ್ತಿರುವವನ ಬಾಗಿಲಿಗೆ ಬಾಟಲಿ ತರಬೇಡಿ. ತರುವುದಾದರೆ, ಅವನ ಹೆಂಡತಿಯ ಮುಖ ನೋಡುವ ಧೈರ್ಯವನ್ನೂ ತನ್ನಿ.