ಈಗ ಬಂದೆ

ಬಸ್ ನಿಲ್ದಾಣಕ್ಕೆ ಹೋಗುವುದು, ಮೊದಲು ಹೊರಡುವ ಬಸ್ಸು ಹತ್ತುವುದು. ರುತಿಲಿಯಾ ಮತ್ತು ಅವಳ ಗಂಡ ಫಾಕುಂದೊ ಹೀಗೆ ಪುಯೆಬ್ಲಾ ಊರಿನ ಮನೆ ಬಿಟ್ಟು ಹನ್ನೊಂದು ದಿನವಾಗಿತ್ತು. ಕೆರೇತರೊ ಆಯಿತು, ಗ್ವಾನಹ್ವಾತೊ ಆಯಿತು, ಈಗ ಸಕತೇಕಸ್. ಎಲ್ಲಿ ಹೋದರೂ ಹಳೇ ಕಲ್ಲಿನ ಇಗರ್ಜಿ, ಅದರೆದುರು ಚೌಕ, ಚೌಕದಲ್ಲೊಂದು ಕಬ್ಬಿಣದ ಬೆಂಚು. ರುತಿಲಿಯಾಳಿಗೆ ಯಾವುದೂ ಚೆಂದ ಅನ್ನಿಸಲಿಲ್ಲ, ಬೇಸರವೂ ಆಗಲಿಲ್ಲ.

"ತಿನ್ನೇ, ಆರಿಹೋಗ್ತಿದೆ," ಎಂದು ಫಾಕುಂದೊ ಖಾರ ಸವರಿದ ಜೋಳದ ತೆನೆ ಚಾಚಿದ. ಅವಳು ಹಿಡಿದುಕೊಂಡಳು, ತಿನ್ನಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಚೋಲೆಯ ಫೋನು ಬಂತು. "ಏನಮ್ಮಾ ಮಹಾರಾಣಿ, ನಿಮ್ಮ ಗಿಣಿ ನನ್ನ ತಲೆ ತಿಂತಿದೆ! ಯಾವಾಗ ಬರ್ತೀರಿ?"

"ಈಗ ಬಂದ್ವಿ ಅಕ್ಕಾ."

ಮಾತು ಬಾಯಿಂದ ಬಿದ್ದ ಮೇಲೆ ತಾನು ಏನಂದೆ ಎಂದು ಅವಳಿಗೆ ತಿಳಿಯಿತು. ಎರಡು ವರ್ಷದ ಹಿಂದೆ ಮಗ ಉಲ್ಪಿಯಾನೊ "ಈಗ ಬಂದೆ ಅಮ್ಮಾ" ಎಂದು ರೊಟ್ಟಿ ತರಲು ಹೋಗಿದ್ದ. ಅವರ ಕಡೆ 'ಈಗ ಬಂದೆ' ಅಂದರೆ ಐದು ನಿಮಿಷವೂ ಆದೀತು, ಸಂಜೆಯೂ ಆದೀತು. ಗಡಿಯಾರ ನೋಡುವವರಿಗೆ ತಲೆ ಕೆಟ್ಟಿದೆ ಅಂತಲೇ ಲೆಕ್ಕ. ಹಾಗಾಗಿ ಗಂಡ ಹೆಂಡತಿ ನಿಶ್ಚಿಂತೆಯಿಂದ ಉಂಡು, ಅವನ ತಟ್ಟೆ ಮುಚ್ಚಿಟ್ಟು, ಮಧ್ಯಾಹ್ನದ ನಿದ್ದೆಯನ್ನೂ ಮಾಡಿದ್ದರು. ಅವನು ಇಂದಿಗೂ ಬಂದಿಲ್ಲ.

ಫಾಕುಂದೊ ಬೆಂಚಿನಿಂದೆದ್ದು ಇಗರ್ಜಿಯ ಕಡೆ ಮುಖ ತಿರುಗಿಸಿ ನಿಂತ.

"ನಿಮ್ಮ 'ಈಗ' ನಂಗೊತ್ತಿಲ್ವಾ!" ಚೋಲೆ ನಕ್ಕಳು. "ಇವತ್ತೇನಾದ್ರೂ ಬರೋದಾದ್ರೆ ಹೇಳು, ಊಟ ಮುಚ್ಚಿಡ್ತೀನಿ."

"ಬೇಡ ಅಕ್ಕಾ," ಎಂದಳು ರುತಿಲಿಯಾ. "ಮುಚ್ಚಿಡೋದೊಂದು ಬೇಡ."