ಎಡಗಡೆಯ ಸೀಟು

ಟ್ಯಾಂಕಿನ ಮುಚ್ಚಳದ ಸ್ಕ್ರೂಗಳೆಲ್ಲ ಬಿಟ್ಟುಕೊಂಡವು, ಒಂದು ಮಾತ್ರ ತುಕ್ಕು ಹಿಡಿದು ಹಟ ಮಾಡುತ್ತಿತ್ತು. ಹನುಮಯ್ಯ ಲಾರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಸ್ಕ್ರೂಡ್ರೈವರಿನ ತಲೆಗೆ ಸುತ್ತಿಗೆಯಿಂದ ತಟ್ಟುತ್ತಿದ್ದ. ಬೆಳಿಗ್ಗೆ ಇಬ್ಬರ ಕೈ ಹಿಡಿಸಿ ಡೀಸೆಲ್ ಟ್ಯಾಂಕನ್ನು ಹೊರಕ್ಕೆ ಎಳೆದುಕೊಂಡಿದ್ದ. ಸುತ್ತಿಗೆಯ ಟಕಟಕ ಸದ್ದು ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು. ಎದುರಿನ ಜಗುಲಿಯ ಮೇಲೆ ಅವನ ಹೆಂಡತಿ ರಾಮಮ್ಮನನ್ನು ಮಲಗಿಸಿದ್ದರು.

ಹಿಂದಿನ ದಿನ ಟೀ ಕುಡಿಯುತ್ತ ಕೂತವಳು ಎದೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಮತ್ತೆ ಏಳಲಿಲ್ಲ. ಕಾಮಗೆರೆಯ ಹತ್ತಿರ ಅವರದೊಂದು ತುಂಡು ಹೊಲವಿತ್ತು. ಅಲ್ಲಿ ಗುಂಡಿ ತೋಡಿ ಆಗಿತ್ತು. ಹನೂರಿನಿಂದ ಅಲ್ಲಿಗೆ ಅವಳನ್ನು ಒಯ್ಯಬೇಕಾದದ್ದು ಇದೇ ಲಾರಿ.

ಪಕ್ಕದ ಮನೆಯ ಶಿವರತ್ನಮ್ಮ ಬಂದು ನಿಂತಳು. "ಒತ್ತಾಯ್ತಾ ಬಂತು ಹನುಮಣ್ಣ. ಡೀಸೆಲ್ ಎಷ್ಟದೆ ಅಂತ ಕಡ್ಡಿ ಇಳ್ಸಿ ನೋಡ್ಕಂಡು ಒರಡು. ಮೀಟರಿನ ಮುಳ್ಳು ನಾಳಿಕೆ ಸರಿ ಮಾಡ್ಕಬೋದು."

"ಕಡ್ಡಿ ಇಳಿಸ್ತಿದ್ದೋಳು ಅವ್ಳು." ಹನುಮಯ್ಯ ತಲೆ ಎತ್ತಲಿಲ್ಲ. "ಮಂಡಿ ನೋಯ್ತದೆ, ಇಳಿದು ಅತ್ತಾಕಾಯ್ತಿಲ್ಲ, ಮುಳ್ಳು ಸರಿ ಮಾಡು ಅಂತ ಬಡ್ಕತಿದ್ಲು. ಅವ್ಳೇ ಕೊಳ್ಳೇಗಾಲಕ್ಕೆ ಓಗಿ ಒಸಾ ಸಾಮಾನು ತಂದು ಮಡಗವ್ಳೆ. ನಾಳೆ ಮಾಡ್ತೀನಿ, ನಾಳೆ ಮಾಡ್ತೀನಿ ಅಂತ್ಲೇ ಬಂದಿ. ಇವತ್ತು ಅವ್ಳು ಈ ಗಾಡಿಲಿ ಕಡೇ ಸಲ ಓಯ್ತಾಳೆ. ಇವತ್ತೂ ಸುಳ್ಳೇ ತೋರುಸ್ಬೇಕಾ?"

ಶಿವರತ್ನಮ್ಮ ಒಳಗೆ ಹೋದಳು.

ಬೇವಿನ ಮರದಡಿ ಕೂತಿದ್ದ ಲಾರಿಯವರ ನಡುವೆ ಮುದುಕ ಗೋವಿಂದಯ್ಯನಿದ್ದ. ಅವನೂ ಒಂದು ಕಾಲದ ಡ್ರೈವರು. "ಮಾಡ್ಲಿ ಬುಡ್ರಲಾ," ಅಂದ. "ರಾಮಮ್ಮನಂತ ಕ್ಲೀನರು ನನ್ನ ಸರ್ವೀಸಲ್ಲಿ ಒಬ್ನೂ ಸಿಕ್ನಿಲ್ಲ. ಅವ್ಳು ಇಂದೆ ನಿಂತು ಬರ್ಲಿ ಬರ್ಲಿ ಅಂದ್ರೆ ಕಣ್ಮುಚ್ಕಂಡು ರಿವರ್ಸ್ ತಕಬೋದಿತ್ತು."

*

ಅವಳು ಲಾರಿ ಹತ್ತಿದ್ದು ಯಾರೋ ಹತ್ತು ಎಂದು ಹೇಳಿದ್ದಕ್ಕಲ್ಲ. ಎಷ್ಟೋ ವರ್ಷಗಳ ಹಿಂದೆ, ಬೆಟ್ಟಕ್ಕೆ ಅಕ್ಕಿ ಲೋಡು ಕಟ್ಟಿದ ಬೆಳಿಗ್ಗೆ ಕ್ಲೀನರು ಹೇಳದೆ ಕೇಳದೆ ಬಿಟ್ಟುಹೋಗಿದ್ದ. ಹನುಮಯ್ಯ ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ರಾಮಮ್ಮ ಮಗಳು ಜ್ಯೋತಿಲಕ್ಷ್ಮಿಯನ್ನು ಶಿವರತ್ನಮ್ಮನ ಮನೆಯಲ್ಲಿ ಬಿಟ್ಟು, ಬಾಗಿಲಿಗೆ ಬೀಗ ಜಡಿದು, ಸೆರಗು ಸಿಕ್ಕಿಸಿಕೊಂಡು ಎಡಗಡೆಯ ಸೀಟಿನಲ್ಲಿ ಕೂತಳು.

"ಇಂದೆ ನೋಡಾಕೆ ಎರಡು ಕಣ್ಣು ಬೇಕು ತಾನೆ? ನಂಗೂ ಅವೆ. ನಡಿ."

ಜನ ನಕ್ಕರು. ಲಾರಿ ನಿಲ್ದಾಣದಲ್ಲಿ ಕೆಲವರು ಕೇಳಬಾರದ ಮಾತನ್ನೂ ಆಡಿದರು. ಆ ದಿನ ಬೆಟ್ಟದ ತಿರುವೊಂದರಲ್ಲಿ ಲಾರಿ ಕೆಮ್ಮಿ ನಿಂತಿತು. ಮುಳ್ಳು ಅರ್ಧ ತೋರಿಸುತ್ತಿತ್ತು, ಟ್ಯಾಂಕು ಬರಿದಾಗಿತ್ತು. ಹನುಮಯ್ಯ ಕ್ಯಾನು ಹಿಡಿದು ಸಿಕ್ಕಿದ ಬಸ್ಸು ಹತ್ತಿ ವಾಪಸು ಹೋದ. ಅವನು ಬರುವವರೆಗೆ ರಾಮಮ್ಮ ಚಕ್ರಗಳಿಗೆ ಕಲ್ಲು ಕೊಟ್ಟು, ತಿರುವಿನ ಮೇಲೆ ಬಿಸಿಲಲ್ಲಿ ನಿಂತು, ಇಳಿದು ಬರುವ ಪ್ರತಿ ಬಸ್ಸಿಗೂ ಕೆಂಪು ಟವೆಲು ಬೀಸಿದಳು. ಡೀಸೆಲ್ ಸುರಿದರೂ ಎಂಜಿನ್ನು ಹಿಡಿಯಲಿಲ್ಲ, ಪೈಪಿನಲ್ಲಿ ಗಾಳಿ ತುಂಬಿಕೊಂಡಿತ್ತು. ಹನುಮಯ್ಯ ಬೋಲ್ಟು ಸಡಿಲಿಸಿದ. ಗುಳ್ಳೆ ನಿಂತು ಬರೀ ಡೀಸೆಲ್ ಉಕ್ಕುವವರೆಗೂ ಅವಳೇ ಕೈಪಂಪು ಒತ್ತಿದಳು. ಅಂಗೈ ಬೊಬ್ಬೆ ಎದ್ದಿತು.

ಇಳಿದು ಬರುವಾಗ ಒಂದು ಬಿದಿರು ಕಡ್ಡಿ ಕಡಿದು ಸೀಟಿನ ಹಿಂದೆ ಇಟ್ಟುಕೊಂಡಳು. ಅಲ್ಲಿಂದ ಮುಂದೆ ಲಾರಿ ನಿಂತಲ್ಲೆಲ್ಲ ರಾಮಮ್ಮ ಇಳಿದು, ಟ್ಯಾಂಕಿಗೆ ಕಡ್ಡಿ ಇಳಿಸಿ, ಒದ್ದೆಯಾದ ಜಾಗದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ಲಾರಿ ಮತ್ತೆಂದೂ ದಾರಿಯಲ್ಲಿ ಬರಿದಾಗಿ ನಿಲ್ಲಲಿಲ್ಲ. ನಕ್ಕವರೇ ಆಮೇಲೆ ಬಾಳೆಗೊನೆ ಹೇರಿ, "ಅಕ್ಕ, ನೀನಿದ್ರೆ ಮಾಲು ಸೇರ್ತದೆ" ಎನ್ನತೊಡಗಿದರು.

*

ಆಟೋ ಬಂದು ನಿಂತಿತು. ರಾಮಮ್ಮನ ತಮ್ಮ ರಂಗಸ್ವಾಮಿ ಇಳಿದ. ಹಿಂದೆಯೇ ಅವನ ಹೆಂಡತಿ ಚಿಕ್ಕಬಸಮ್ಮ. ರಂಗಸ್ವಾಮಿ ಯಳಂದೂರಿನ ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಬಿಳಿ ಪಂಚೆ, ಬಿಳಿ ಅಂಗಿ. ಅಕ್ಕನ ಮನೆಯ ಮುಂದೆ ಅವನನ್ನು ಕಂಡು ವರ್ಷಗಳೇ ಆಗಿದ್ದವು. ಮರದಡಿಯ ಮಾತು ನಿಂತಿತು.

ಜಗುಲಿಯ ಹತ್ತಿರ ಹೋಗಿ ಅಕ್ಕನ ಮುಖ ನೋಡಿದ. ಹೆಚ್ಚು ಹೊತ್ತು ನಿಲ್ಲಲಾಗದೆ ಲಾರಿಯ ಕಡೆ ಬಂದ.

"ಬಾವ, ಏಳು. ಜನ ನೋಡ್ತಾವ್ರೆ."

"ನೋಡ್ಲಿ." ಹಟದ ಸ್ಕ್ರೂ ಅಷ್ಟೊತ್ತಿಗೆ ಬಿಟ್ಟುಕೊಂಡಿತ್ತು. ಹನುಮಯ್ಯ ಹಳೆಯ ಸಾಮಾನನ್ನು ಹೊರಗೆ ತೆಗೆದ. ಉದ್ದನೆಯ ಕಡ್ಡಿಯ ತುದಿಗೊಂದು ತೇಲುಬುರುಡೆ. ಡೀಸೆಲ್ಲಿನ ಜೊತೆ ಏರಿ ಇಳಿಯಬೇಕಾದ ಅದು ಕೀಲಿನಲ್ಲಿ ಅಂಟಿಕೊಂಡು ಅಲ್ಲಾಡದಾಗಿತ್ತು. "ಬಂದೆಲ್ಲ, ಸಾಕು. ಮೇಲಕ್ ಅತ್ತು. ನಾನು ಇಲ್ಲಿ ಒಸಾದ್ಕೆ ವೈರ್ ಕೊಟ್ಟು, ತೂತಿನ ಅಂಚಿಗೆ ಮುಟ್ಸಿ ಬುರುಡೆ ಎತ್ತೀನಿ, ಮುಳ್ಳು ಅಲ್ಲಾಡ್ತದಾ ನೋಡಿ ಯೋಳು. ಎಡಗಡೆ ಕೂತ್ಕ. ಡ್ರೈವರ್ ಸೀಟಿಗೆ ಸ್ಟೇರಿಂಗು ಅಡ್ಡ ಬತ್ತದೆ. ಅವ್ಳು ಅಲ್ಲಿಂದ್ಲೇ ನೋಡ್ತಿದ್ದುದ್ದು."

ರಂಗಸ್ವಾಮಿ ಅತ್ತಿತ್ತ ನೋಡಿದ. ಚಪ್ಪಲಿ ಬಿಟ್ಟು ಹತ್ತಿದ.

ಸೀಟಿನ ಮೇಲೆ ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿಯಿತ್ತು. ಒಂದು ತುಂಡು ಅವರ ಅವ್ವನ ಸೀರೆಯದು. ಕಿಟಕಿಯ ಅಂಚಿನಲ್ಲಿ ಅವಳು ಮೊಣಕೈ ಊರುತ್ತಿದ್ದ ಜಾಗದ ಬಣ್ಣ ಸವೆದು ತಗಡು ಹೊಳೆಯುತ್ತಿತ್ತು. ಅಷ್ಟು ಎತ್ತರದಿಂದ ಬೀದಿ ಬೇರೆಯಾಗಿಯೇ ಕಂಡಿತು.

"ಯಾನ ಅಂತದೆ?" ಕೆಳಗಿನಿಂದ ಕೂಗು.

"ಮಲ್ಗೇ ಅದೆ ಬಾವ."

*

ಅಂದು ಯಳಂದೂರಿನ ಛತ್ರದಲ್ಲಿ ರಂಗಸ್ವಾಮಿಯ ಮಗಳ ಮದುವೆ ನಡೆದಿತ್ತು. ಅಡಿಗೆಯ ಪಾತ್ರೆ, ಅಕ್ಕಿ, ಬಾಳೆಎಲೆ ಎಲ್ಲವನ್ನೂ ಅಕ್ಕ ಬಾಡಿಗೆ ಕೇಳದೆ ಲಾರಿಯಲ್ಲಿ ತಂದಿದ್ದಳು. ಹಿಂದಿನ ಬಾಗಿಲು ಇಳಿಸಿ, ಸೆರಗು ಬಿಗಿದು, ಹಂಡೆಯ ಕಿವಿ ಹಿಡಿದು ಎಳೆಯುತ್ತಿದ್ದಳು. ಗಂಡಿನ ಕಡೆಯ ಹಿರಿಯರೊಬ್ಬರು ರಂಗಸ್ವಾಮಿಯ ಪಕ್ಕ ನಿಂತು, "ಯಾರು ಆ ಎಣ್ಣುಮಗಳು?" ಎಂದರು.

"ಪಾತ್ರೆ ತಂದಿರೋ ಲಾರಿಯವರು," ಎಂದ ರಂಗಸ್ವಾಮಿ.

ಹಂಡೆ ಅರ್ಧ ಕ್ಷಣ ನಿಂತಿತು. ರಾಮಮ್ಮ ತಿರುಗಿ ನೋಡಿದಳು. ಆಮೇಲೆ ಅದನ್ನು ಅಡಿಗೆಮನೆಯವರೆಗೂ ಎಳೆದುಕೊಂಡು ಹೋದಳು. ಧಾರೆಯ ಹೊತ್ತಿಗೆ ಬಂದು ಅಕ್ಷತೆ ಹಾಕಿದಳು. ಕಡೆಯ ಪಂಕ್ತಿಯಲ್ಲಿ ಗಂಡನ ಜೊತೆ ಉಂಡಳು. ಪಾತ್ರೆ ಹೇರಿಕೊಂಡು ಹೊರಟಳು. ಅವಳು ಜಗಳವಾಡಿದ್ದರೆ ರಂಗಸ್ವಾಮಿ ಏನಾದರೂ ಹೇಳಬಹುದಿತ್ತು. ಆಡಲಿಲ್ಲ. ಅದಕ್ಕೇ ಅವನಿಗೆ ಹನೂರಿಗೆ ಬರಲು ಕಾಲು ಏಳಲಿಲ್ಲ.

*

"ಒಸಾದೂ ಅಲ್ಲಾಡ್ನಿಲ್ವ?" ಹನುಮಯ್ಯ ನೆಲದ ಮೇಲೆ ಕೂತುಬಿಟ್ಟ.

ಗೋವಿಂದಯ್ಯ ಎದ್ದು ಬಂದು ಬಗ್ಗಿ ನೋಡಿದ. "ಸಾಮಾನು ಸರಿಯಾಗದೆ ಕಣ್ಲಾ. ಅರ್ತ್ ಸಿಕ್ತಿಲ್ಲ. ಮುಚ್ಚಳ ಕೂರೋ ಜಾಗನೆಲ್ಲ ತುಕ್ಕು ತಿಂದದೆ, ಕರೆಂಟು ದಾಟದೆಂಗೆ? ಅದ್ನ ಉಜ್ಜಬೇಕು."

ಹನುಮಯ್ಯ ಉಪ್ಪುಕಾಗದ ತೆಗೆದುಕೊಂಡ. ಉಜ್ಜಲು ಹೋಗಿ ಜಗುಲಿಯ ಕಡೆ ನೋಡುತ್ತ ಕೂತ. ರಂಗಸ್ವಾಮಿ ಇಳಿದು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡ. ಬಿಳಿ ಪಂಚೆಯಲ್ಲೇ ಮಂಡಿಯೂರಿದ. ತೂತಿನ ಬಾಯಿಗೆ ಬಟ್ಟೆ ತುರುಕಿ ಸುತ್ತಲಿನ ತಗಡನ್ನು ಉಜ್ಜತೊಡಗಿದ. ಡೀಸೆಲ್ಲೂ ತುಕ್ಕೂ ಸೇರಿ ಕಪ್ಪು ಕೆಸರಾಗಿ ಬೆರಳಿಗೆ ಮೆತ್ತಿತು.

ತಲೆ ಎತ್ತದೆಯೇ ಕೇಳಿದ: "ಅಕ್ಕ ನನ್ ಇಚಾರ ಯಾನಾರ ಅಂತಿದ್ಲಾ?"

"ಅಂತಾ ಇರ್ನಿಲ್ಲ." ಹನುಮಯ್ಯ ಸ್ಕ್ರೂಗಳನ್ನು ಒಂದೊಂದಾಗಿ ಒರೆಸುತ್ತಿದ್ದ. "ಯಳಂದೂರು ದಾಟುವಾಗ ನಿಮ್ ಬೀದಿ ತಿರುವು ಬಂದ್ರೆ ಮಾತ್ರ ಆರನ್ ಒಡಿ ಅನ್ನೋಳು. ಯಾವ ಸಲಾನೂ ಬುಡ್ನಿಲ್ಲ. ಯಾರಿಗಮ್ಮಿ ಅಂದ್ರೆ, ಮನೇಲಿದ್ರೆ ಕೇಳ್ಕತಾನೆ ಅನ್ನೋಳು."

ಉಜ್ಜುತ್ತಿದ್ದ ಕೈ ನಿಂತಿತು.

"ಕೇಳ್ತಿದ್ದಿ ಬಾವ," ಎಂದ ರಂಗಸ್ವಾಮಿ. "ಆ ಆರನ್ನು ಯಾರ್ದು ಅಂತ ನಂಗೆ ಗೊತ್ತಿತ್ತು. ಒಂದಿನಾನೂ ಈಚೆಗೆ ಬರ್ನಿಲ್ಲ."

ಹನುಮಯ್ಯ ಕೊನೆಯ ಸ್ಕ್ರೂ ಒರೆಸಿದ. ಅವನ ಮುಂದೆ ಸ್ಕ್ರೂಗಳನ್ನು ಇಟ್ಟ. "ಗಟ್ಟಿಯಾಗಿ ಉಜ್ಜು. ತಗಡು ಬೆಳ್ಳಗೆ ಕಾಣ್ಬೇಕು."

ತಗಡು ಬೆಳ್ಳಗಾಯಿತು. ಹೊಸ ಸಾಮಾನನ್ನು ಇಳಿಸಿ, ರಬ್ಬರು ಕೂರಿಸಿ, ಇಬ್ಬರೂ ಎದುರುಬದುರಾಗಿ ಸ್ಕ್ರೂ ಬಿಗಿದರು. ಜಗುಲಿಯಿಂದ ಇಳಿದು ಬಂದಿದ್ದ ಜ್ಯೋತಿಲಕ್ಷ್ಮಿ ಕ್ಯಾಬಿನ್ ಹತ್ತಿ ಕೀ ತಿರುಗಿಸಿದಳು. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಏಳ್ತಾ ಅದೆ ಅಪ್ಪ," ಎಂದಳು. "ಅರ್ಧಕ್ಕಿಂತ ಒಂಚೂರು ಕಮ್ಮಿ."

ಹನುಮಯ್ಯ ಬಿದಿರು ಕಡ್ಡಿ ತಂದು ಟ್ಯಾಂಕಿಗೆ ಇಳಿಸಿದ. ಎತ್ತಿ, ಒದ್ದೆಯಾದ ಜಾಗದ ಮೇಲೆ ಬೆರಳಿಟ್ಟು ನೋಡಿದ. ಅರ್ಧಕ್ಕಿಂತ ಒಂಚೂರು ಕಮ್ಮಿ. ಜಗುಲಿಯ ಕಡೆ ತಿರುಗಿ, ಪಕ್ಕದಲ್ಲಿರುವವರಿಗೆ ಹೇಳುವಷ್ಟೇ ದನಿಯಲ್ಲಿ, "ಸರಿ ತೋರುಸ್ತಾ ಅದೆ ಕನಮ್ಮಿ," ಎಂದ. ಆಮೇಲೆ ಲಾರಿಯ ಚಕ್ರಕ್ಕೆ ಹಣೆ ಹಚ್ಚಿ ಅತ್ತ. ಅವಳು ಹೋದಾಗಿನಿಂದ ಅವನು ಅತ್ತಿರಲಿಲ್ಲ.

ಟ್ಯಾಂಕನ್ನು ಅದರ ಜಾಗಕ್ಕೆ ತಳ್ಳಿ ಪಟ್ಟಿ ಬಿಗಿದರು. ಹಿಂದಿನ ಬಾಗಿಲು ಇಳಿಸಿ ಹುಲ್ಲು ಹಾಸಿದರು.

"ಇನ್ನು ತವರಿನ ಸೀರೆ ಒದಿಸ್ಬೇಕು," ಎಂದಳು ಶಿವರತ್ನಮ್ಮ. "ತಮ್ಮ ಬರ್ಲಿ."

ಚಿಕ್ಕಬಸಮ್ಮ ಚೀಲದಿಂದ ಅರಿಶಿನ ಬಣ್ಣದ ಹೊಸ ಸೀರೆ ತೆಗೆದಳು. ಗಂಡನ ಕೈ ಕಂಡು ಮೆಲ್ಲಗೆ, "ನಲ್ಲಿ ಅಲ್ಲೇ ಅದೆ, ತೊಳ್ಕಂಡ್ ಬನ್ನಿ" ಎಂದಳು.

ರಂಗಸ್ವಾಮಿ ಒಂದು ಹೆಜ್ಜೆ ನಲ್ಲಿಯ ಕಡೆ ಇಟ್ಟವನು ನಿಂತ. ಎದೆಯ ಮೇಲೆ ಜೋಡಿಸಿದ್ದ ಅಕ್ಕನ ಕೈಗಳನ್ನು ನೋಡಿದ. ಹೆಂಗಸರು ಅರಿಶಿನ ಹಚ್ಚಿ, ಸೀಗೆಪುಡಿ ಹಾಕಿ ತಿಕ್ಕಿ ತೊಳೆದಿದ್ದರು. ಆದರೂ ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಡೀಸೆಲ್ಲಿನ ಕಪ್ಪು ಹಾಗೇ ಉಳಿದಿತ್ತು.

ಅವನು ವಾಪಸು ಬಂದ. ಸೀರೆಯನ್ನು ಎರಡೂ ಕೈಯಲ್ಲಿ ಈಸಿಕೊಂಡು, ಮಡಿಕೆ ಬಿಡಿಸಿ, ಅಕ್ಕನ ಪಾದದಿಂದ ಭುಜದವರೆಗೆ ಹೊದಿಸಿ, ಅಂಚನ್ನು ಕತ್ತಿನ ಹತ್ತಿರ ಒತ್ತಿ ಕೂರಿಸಿದ. ಯಾರೂ ಬೇಡವೆನ್ನಲಿಲ್ಲ. ಎತ್ತುವವರು ಬಂದು ನಾಲ್ಕು ಕಡೆ ಹಿಡಿದು ಮೇಲೆತ್ತಿದಾಗ ಬಿಸಿಲು ಸೀರೆಯ ಮೇಲೆ ಬಿತ್ತು. ಹೊಸ ಅಂಚಿನ ಮೇಲೆ, ಕತ್ತಿನ ಹತ್ತಿರ, ಅವನ ಬೆರಳುಗಳು ಒಂದರ ಪಕ್ಕ ಒಂದು ಕಪ್ಪಗೆ ಮೂಡಿದ್ದವು.